ಯುರೋಪಿನ ಗಾಳವೋ ಅಮೆರಿಕದ ಗಾಳವೋ: ಹಿನ್ನೀರಿಗೆ ಯಾವುದು, ಊರ ಕೆರೆಗೆ ಯಾವುದು?

ಹೊಸನಗರ_ದಂಡೆ

ಎಲ್ಲರಿಗೂ ನಮಸ್ಕಾರ. ದೀಪಾವಳಿಗೆ ಅಕ್ಕನ ಮಗ ಜರ್ಮನಿಯಿಂದ ಬರುತ್ತಾನೆ, ಭಾವ ಟೆಕ್ಸಾಸ್‌ನಿಂದ ಬರುತ್ತಾರೆ. ಗಾಳದ ಸಾಮಾನು ಏನು ಬೇಕು ಅಂತ ಇಬ್ಬರೂ ಕೇಳಿ, ತಮ್ಮ ತಮ್ಮ ಕಡೆಯ ಪಟ್ಟಿ ಕಳಿಸಿದ್ದಾರೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಒಂದಕ್ಕೊಂದು ತಾಳೆಯೇ ಆಗುತ್ತಿಲ್ಲ.

ಜರ್ಮನಿಯ ಪಟ್ಟಿ: 12 ಅಡಿಯ ಎರಡು ತುಂಡಿನ ಕಾರ್ಪ್ (ಗೆಂಡೆ) ರಾಡ್, 3 ಪೌಂಡ್ ಟೆಸ್ಟ್ ಕರ್ವ್, ಬೈಟ್ ಅಲಾರಂ (ಮೀನು ಕಚ್ಚಿದರೆ ಕೂಗುವಂಥದ್ದು), ರಾಡ್ ಪಾಡ್ (ರಾಡ್ ಇಡುವ ಚೌಕಟ್ಟು), ಅನ್‌ಹುಕಿಂಗ್ ಮ್ಯಾಟ್ (ಕೊಕ್ಕೆ ಬಿಡಿಸುವಾಗ ಮೀನು ಮಲಗಿಸುವ ಹಾಸು). ಅಮೆರಿಕದ ಪಟ್ಟಿ: 7 ಅಡಿಯ ಒಂದೇ ತುಂಡಿನ ಕ್ಯಾಸ್ಟಿಂಗ್ ರಾಡ್, ಮೀಡಿಯಂ ಹೆವಿ, ಫಾಸ್ಟ್ ಆ್ಯಕ್ಷನ್, ಬೇಟ್‌ಕ್ಯಾಸ್ಟರ್ ರೀಲ್ (ಎಸೆದಾಗ ದಾರದ ಉರುಳೆಯೇ ತಿರುಗುವಂಥದ್ದು), ರಬ್ಬರ್ ಕಪ್ಪೆ, ಪ್ಲಾಸ್ಟಿಕ್ ಹುಳು.

ನಮ್ಮ ಕಡೆ ಬೇಕಾಗಿರುವುದು ಎರಡು ಥರದ ಜಾಗಕ್ಕೆ. ಒಂದು, ಲಿಂಗನಮಕ್ಕಿ ಹಿನ್ನೀರಿನ ಅಂಚು (ಅಭಯಾರಣ್ಯಕ್ಕೆ ಸೇರದ, ಅನುಮತಿ ಸಿಗುವ ಭಾಗ). ಅಲ್ಲಿ ಗೆಂಡೆ, ರೋಹು, ಕಾಟ್ಲಾ. ಇನ್ನೊಂದು, ಪಂಚಾಯಿತಿಯಿಂದ ಗುತ್ತಿಗೆ ಹಿಡಿದವರು ಒಪ್ಪಿ ಬಿಡುವ ಊರ ಕೆರೆ. ಅಲ್ಲಿ ತಾವರೆ, ಜೊಂಡು, ಅದರ ಸಂದಿಯಲ್ಲಿ ಕೊರವ. ಇಲ್ಲಿಯವರೆಗೆ ಬಿದಿರು ಕೋಲು, ತಂಗೂಸು, ಎರೆಹುಳು ಮತ್ತು ಅಂಗಡಿಯ ಸ್ಪ್ರಿಂಗ್ ಫೀಡರ್ (ಹಿಟ್ಟು ಮೆತ್ತುವ ಸುರುಳಿ ತಂತಿ, ಸುತ್ತ ಕೊಕ್ಕೆಗಳು) ಇಷ್ಟೇ.

ಈ ಅಂಕಿಗಳನ್ನು ಓದುವುದು ಹೇಗೆ? ಎರಡು ಕಡೆಯ ಸಾಮಾನು ಇಷ್ಟು ಬೇರೆ ಯಾಕೆ? ಯಾರ ಹತ್ತಿರ ಏನು ತರಿಸಲಿ? ಬಿಡಿಸಿ ಹೇಳಿದರೆ ಉಪಕಾರ.

ಹಿನ್ನೀರಗಾಳ

ಮೊದಲು ಅಂಕಿಗಳ ವಿಷಯ. ದುಡ್ಡು ಹಾಳಾಗುವುದು ಅಲ್ಲೇ.

3 ಪೌಂಡ್ ಟೆಸ್ಟ್ ಕರ್ವ್ ಅನ್ನುವುದಕ್ಕೂ ಮೀನಿನ ತೂಕಕ್ಕೂ ಸಂಬಂಧ ಇಲ್ಲ. ರಾಡಿನ ತುದಿಯನ್ನು ಹಿಡಿಗೆ 90 ಡಿಗ್ರಿಯಾಗುವಷ್ಟು ಬಗ್ಗಿಸಲು ಬೇಕಾದ ತೂಕ ಅದು. ಅದರಿಂದ ಎರಡು ಲೆಕ್ಕ ಹುಟ್ಟುತ್ತವೆ. ಪೌಂಡಿಗೆ ಒಂದು ಔನ್ಸಿನಂತೆ ಸೀಸ, ಅಂದರೆ 3 ಪೌಂಡ್ ರಾಡಿಗೆ 3 ಔನ್ಸ್, ಸುಮಾರು 85 ಗ್ರಾಂ. ಐದರಿಂದ ಗುಣಿಸಿದರೆ ದಾರ, ಅಂದರೆ 15 ಪೌಂಡ್. ಈಗಿನ ಕಾರ್ಬನ್ ರಾಡುಗಳು ಇದಕ್ಕಿಂತ ಸ್ವಲ್ಪ ಹೆಚ್ಚು ತಡೆಯುತ್ತವೆ, ಆದರೂ ಈ ಲೆಕ್ಕದೊಳಗೆ ಇದ್ದರೆ ರಾಡ್ ಮುರಿಯುವ ಭಯವಿಲ್ಲ.

ಅಮೆರಿಕದ ರಾಡಿನ ಮೇಲೆ ಎರಡು ಪದ ಇರುತ್ತವೆ. ಮೀಡಿಯಂ ಹೆವಿ ಅನ್ನುವುದು ಬಲ, ಎಷ್ಟು ಎಳೆದರೆ ಬಾಗುತ್ತದೆ ಅನ್ನುವುದು. ಫಾಸ್ಟ್ ಅನ್ನುವುದು ಎಲ್ಲಿಂದ ಬಾಗುತ್ತದೆ ಅನ್ನುವುದು. ಫಾಸ್ಟ್ ಆದರೆ ತುದಿ ಮಾತ್ರ, ಮಾಡರೇಟ್ ಆದರೆ ನಡುವಿನವರೆಗೆ. ಒಂದು ಕಂಪನಿಯ ಮೀಡಿಯಂ ಹೆವಿ ಇನ್ನೊಂದು ಕಂಪನಿಯಲ್ಲಿ ಮೀಡಿಯಂ ಆಗಿರಬಹುದು, ಹಾಗಾಗಿ ಆ ಪದ ನಂಬಿ ಕೊಳ್ಳಬೇಡಿ. ಹಿಡಿಯ ಮೇಲ್ಗಡೆ ಸಣ್ಣ ಅಕ್ಷರದಲ್ಲಿ ಬರೆದ ಲ್ಯೂರ್ (ನಕಲಿ ಎರೆ) ತೂಕ ನೋಡಿ. ಭಾವ ಹೇಳಿದಂಥ ರಾಡಿನಲ್ಲಿ ಸಾಮಾನ್ಯವಾಗಿ 3/8ರಿಂದ 1 ಔನ್ಸ್ ಅಂತ ಇರುತ್ತದೆ, ಅಂದರೆ ಸುಮಾರು 10ರಿಂದ 28 ಗ್ರಾಂ. ಯುರೋಪಿನ ಸ್ಪಿನ್ನಿಂಗ್ ರಾಡಿನಲ್ಲಿ ಇದನ್ನೇ ನೇರವಾಗಿ ಗ್ರಾಂನಲ್ಲಿ, ಉದ್ದವನ್ನು ಮೀಟರ್‌ನಲ್ಲಿ ಬರೆದಿರುತ್ತಾರೆ: 2.70 ಮೀಟರ್, 10–30 ಗ್ರಾಂ, ಹೀಗೆ.

ತಪ್ಪುವುದು ಎಲ್ಲಿ ಅಂದರೆ, ಆ 7 ಅಡಿ ರಾಡಿಗೆ 85 ಗ್ರಾಂ ಸೀಸ ಕಟ್ಟಿ ಜೋರಾಗಿ ಬೀಸಿದರೆ ತುದಿಯ ಮೂರನೇ ಒಂದು ಭಾಗದಲ್ಲಿ ಮುರಿಯುತ್ತದೆ. 12 ಅಡಿಯ ಕಾರ್ಪ್ ರಾಡಿಗೆ 12 ಗ್ರಾಂ ಕಪ್ಪೆ ಕಟ್ಟಿ ಬೀಸಿದರೆ ರಾಡ್ ಬಾಗುವುದೇ ಇಲ್ಲ. ಬಾಗದ ರಾಡ್ ಎಸೆಯುವುದೂ ಇಲ್ಲ. ಕಪ್ಪೆ ಮೂಗಿನ ಮುಂದೆ ಬೀಳುತ್ತದೆ.

ಇಷ್ಟು ಬೇರೆ ಯಾಕೆ ಅಂದರೆ, ಮೀನು ಬೇರೆ, ನಿಲ್ಲುವ ಜಾಗ ಬೇರೆ. ಇಂಗ್ಲೆಂಡಿನ ಕೆರೆ, ಹಳೆಯ ಜಲ್ಲಿಗುಂಡಿಗಳಲ್ಲಿ ದಂಡೆಯ ಮೇಲೆ ನಿಮಗೆ ಗೊತ್ತುಮಾಡಿದ ಒಂದು ಜಾಗ ಸಿಗುತ್ತದೆ. ಮೀನು ಅಲ್ಲಿಗೆ ಬರಬೇಕು. ಹಾಗಾಗಿ ದೂರ ಎಸೆಯಲು ಉದ್ದನೆಯ ರಾಡ್, ಭಾರದ ಸೀಸ, ಒಂದೇ ಕಡೆ ತಿನಿಸು ಹಾಕಿ ಕಾಯುವ ಪದ್ಧತಿ, ರಾತ್ರಿ ಎಚ್ಚರಿಸಲು ಅಲಾರಂ. ಅಮೆರಿಕದಲ್ಲಿ ಅಣೆಕಟ್ಟಿನ ವಿಶಾಲ ನೀರು, ಗುರಿ ಲಾರ್ಜ್‌ಮೌತ್ ಬ್ಯಾಸ್. ಅದು ಮರದ ಬೊಡ್ಡೆ, ಜೊಂಡಿನ ಅಡಿ ಅಡಗಿ ಹೊಂಚುಹಾಕುವ ಮೀನು. ಆದ್ದರಿಂದ ಅಲ್ಲಿ ದೋಣಿಯಲ್ಲಿ ಹೋಗಿ, ಬೊಡ್ಡೆಯ ಪಕ್ಕದ ಒಂದು ಮೊಳ ಜಾಗಕ್ಕೆ ಗುರಿಯಿಟ್ಟು ಎಸೆದು, ಕಚ್ಚದಿದ್ದರೆ ಮುಂದಕ್ಕೆ ಹೋಗುತ್ತಾರೆ. ದಿನವಿಡೀ ಎಸೆಯುವ ಕೈಗೆ ಗಿಡ್ಡ, ಹಗುರ, ಒಂದೇ ತುಂಡಿನ ರಾಡ್ ಬೇಕು. ದೋಣಿಯಲ್ಲಿ ಒಯ್ಯುವುದರಿಂದ ಒಂದೇ ತುಂಡು ಅವರಿಗೆ ತೊಂದರೆಯಲ್ಲ.

ನಿಮ್ಮ ಎರಡು ಜಾಗವೂ ಹಾಗೇ ಇವೆ ನೋಡಿ. ಹಿನ್ನೀರ ದಂಡೆ ಯುರೋಪಿನ ಲೆಕ್ಕಕ್ಕೆ ಬರುತ್ತದೆ, ತಾವರೆ ಕೆರೆ ಅಮೆರಿಕದ ಲೆಕ್ಕಕ್ಕೆ. ಒಂದೇ ರಾಡಿನಲ್ಲಿ ಎರಡನ್ನೂ ಮಾಡಲು ಹೋಗಬೇಡಿ.

ಕಾರ್ಪ್ ಸಾಮಾನಿನಲ್ಲಿ ಅಕ್ಕನ ಮಗನಿಗೆ ಹೇಳುವುದು ಇಷ್ಟು: 12 ಅಡಿ, 2.75 ಅಥವಾ 3 ಪೌಂಡ್. 3.5 ಬೇಡ, ಅದು 100 ಮೀಟರ್ ದಾಟಿ ಎಸೆಯುವವರಿಗೆ; ಹತ್ತಿರದಲ್ಲಿ ಮೀನು ಆಡುವಾಗ ಗಡುಸಾಗಿ ಕೊಕ್ಕೆ ಕಿತ್ತುಕೊಂಡು ಬರುತ್ತದೆ. ರೀಲ್ ಫ್ರೀ ಸ್ಪೂಲ್ (ದಾರದ ಉರುಳೆ ಸಡಿಲ ಬಿಡುವ) ಥರದ್ದು, ಶಿಮಾನೊ ಕಂಪನಿ ಬೇಟ್‌ರನ್ನರ್ ಅಂತ ಹೆಸರಿಟ್ಟಿದೆಯಲ್ಲ, ಅದು. ಹಿಂದಿನ ಸನ್ನೆ ಹಾಕಿದರೆ ಮೀನು ಎಳೆದಷ್ಟು ದಾರ ಸಲೀಸಾಗಿ ಬಿಡುತ್ತದೆ, ಹಿಡಿ ತಿರುಗಿಸಿದ ಕೂಡಲೇ ಡ್ರ್ಯಾಗ್ (ದಾರದ ತಡೆ) ಹಿಡಿಯುತ್ತದೆ. ಅದಿಲ್ಲದೆ ರಾಡ್ ಇಟ್ಟು ಕೂತರೆ ದೊಡ್ಡ ಗೆಂಡೆ ರಾಡನ್ನೇ ನೀರಿಗೆಳೆಯುತ್ತದೆ. ಅಲಾರಂ ಒಂದು ಸಾಕು. ರಾಡ್ ಪಾಡ್ ಬೇಡವೇ ಬೇಡ: ನಮ್ಮ ದಂಡೆಯ ಮಣ್ಣಿಗೆ ಎರಡು ಕಬ್ಬಿಣದ ಕವೆಗೋಲು ಚುಚ್ಚಿದರೆ ಅದಕ್ಕಿಂತ ಗಟ್ಟಿ, ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಬಹುದು. ಮ್ಯಾಟ್ ಮಾತ್ರ ಖಂಡಿತ ತರಿಸಿ. ನಮ್ಮ ಜಂಬಿಟ್ಟಿಗೆ ಕಲ್ಲಿನ ದಂಡೆಯ ಮೇಲೆ ಮೀನು ಒದ್ದಾಡಿದರೆ ಹೊಟ್ಟೆ ಕಡೆಯ ಹುರುಪೆ ಎದ್ದುಬರುತ್ತದೆ, ಬಿಟ್ಟರೂ ಹುಣ್ಣಾಗಿ ಸಾಯುತ್ತದೆ.

ಕೊರವ_ಕೆರೆ

ಅಮೆರಿಕದ ಕಡೆ ನಾನು ಹೇಳುತ್ತೇನೆ. ಭಾವನ ಪಟ್ಟಿ ಕೊರವಕ್ಕೆ ಹೇಳಿ ಮಾಡಿಸಿದ ಹಾಗಿದೆ. ಬ್ಯಾಸ್ ಇರುವಂಥ ಜಾಗದಲ್ಲೇ ಕೊರವವೂ ಇರುತ್ತದೆ, ಹಿಡಿಯುವ ಬಗೆಯೂ ಹತ್ತಿರ ಹತ್ತಿರ. ಎರಡು ತಿದ್ದುಪಡಿ ಮಾತ್ರ.

ಮೊದಲನೆಯದು ಬೇಟ್‌ಕ್ಯಾಸ್ಟರ್ ಕೊಳ್ಳುವಾಗ ಯಾವ ಕಡೆ ಹಿಡಿ ಅಂತ ನೋಡಬೇಕು. ಸ್ಪಿನ್ನಿಂಗ್ ರೀಲಿನ ಹಿಡಿಯನ್ನು ಬಿಚ್ಚಿ ಆ ಕಡೆಗೆ ಹಾಕಬಹುದು. ಬೇಟ್‌ಕ್ಯಾಸ್ಟರಿನಲ್ಲಿ ಆಗುವುದಿಲ್ಲ, ಕಾರ್ಖಾನೆಯಿಂದ ಬಂದ ಕಡೆಯೇ ಕೊನೆಯವರೆಗೆ. ಅಮೆರಿಕದಲ್ಲಿ ಬಹಳ ಮಂದಿ ಬಲಗೈಯಲ್ಲಿ ಎಸೆದು, ರಾಡನ್ನು ಎಡಗೈಗೆ ದಾಟಿಸಿ, ಬಲಗೈಯಲ್ಲೇ ಸುತ್ತುತ್ತಾರೆ. ಕಪ್ಪೆ ಬಿದ್ದ ತಕ್ಷಣವೇ ಕೊರವ ಹೊಡೆಯುತ್ತದೆ, ಕೈ ಬದಲಿಸುವ ಆ ಹೊತ್ತು ಇಲ್ಲಿ ನಷ್ಟ. ಬಲಗೈಯವರು ಎಡಗಡೆ ಹಿಡಿಯ ರೀಲ್ ತರಿಸುವುದು ಒಳ್ಳೆಯದು. ಗೇರ್ 7:1ರ ಆಸುಪಾಸು (ಹಿಡಿ ಒಂದು ಸುತ್ತಿಗೆ ಸ್ಪೂಲ್ ಏಳು ಸುತ್ತು) ಇರಲಿ, ಜೊಂಡಿನಿಂದ ಬೇಗ ಹೊರಗೆಳೆಯಬೇಕು.

ಎರಡನೆಯದು ದಾರ. ರಾಡಿನ ಮೇಲೆ 12–20 ಪೌಂಡ್ ಅಂತ ಬರೆದದ್ದು ತಂಗೂಸಿನ ಲೆಕ್ಕ. ತಾವರೆ ಸಂದಿಗೆ 40–50 ಪೌಂಡ್ ಬ್ರೇಡ್ (ಹೆಣೆದ ದಾರ) ಬೇಕು. ಅದು ದಪ್ಪದಲ್ಲಿ ಆ ತಂಗೂಸಿಗಿಂತ ಹೆಚ್ಚಿಲ್ಲ, ದಂಟನ್ನು ಕತ್ತರಿಸಿಕೊಂಡು ಬರುತ್ತದೆ. ಬ್ರೇಡನ್ನು ಬರಿ ಸ್ಪೂಲಿಗೆ ಸುತ್ತಿದರೆ ಇಡೀ ಸುರುಳಿಯೇ ಜಾರುತ್ತದೆ. ಡ್ರ್ಯಾಗ್ ಕೆಟ್ಟಿದೆ ಅಂದುಕೊಂಡು ರೀಲ್ ರಿಪೇರಿಗೆ ಕೊಡುವವರಿದ್ದಾರೆ, ಕಾರಣ ಇದು. ಅಡಿಯಲ್ಲಿ ಐದಾರು ಮೀಟರ್ ತಂಗೂಸು ಬಿಗಿಯಾಗಿ ಸುತ್ತಿ, ಅದಕ್ಕೆ ಬ್ರೇಡ್ ಗಂಟು ಹಾಕಿ. ಸುತ್ತುವಾಗ ಒದ್ದೆ ಬಟ್ಟೆಯಲ್ಲಿ ಹಿಡಿದು ಬಿಗಿ ಮಾಡಿ, ಇಲ್ಲವಾದರೆ ಮೊದಲ ದೊಡ್ಡ ಎಳೆತಕ್ಕೆ ಮೇಲಿನ ಸುತ್ತು ಕೆಳಗಿನ ಸುತ್ತಿನೊಳಗೆ ಹೂತುಕೊಂಡು ಮುಂದಿನ ಎಸೆತಕ್ಕೆ ಸಿಕ್ಕಿಹಾಕಿಕೊಳ್ಳುತ್ತದೆ.

ಹೊಸಬರಿಗೆ ಬೇಟ್‌ಕ್ಯಾಸ್ಟರಿನಲ್ಲಿ ದಾರ ಗೋಜಲಾಗುವುದು ಖಂಡಿತ. ಕಾರಣ ಸರಳ: ಲ್ಯೂರ್ ನಿಧಾನವಾದ ಮೇಲೂ ಸ್ಪೂಲ್ ಅದೇ ವೇಗದಲ್ಲಿ ತಿರುಗುತ್ತಿರುತ್ತದೆ, ಹೋಗಲು ಜಾಗವಿಲ್ಲದ ದಾರ ಒಳಗೇ ಉಬ್ಬುತ್ತದೆ. ಸರಿಪಡಿಸುವ ಕ್ರಮ ಹೀಗೆ. ಕಪ್ಪೆ ಕಟ್ಟಿ, ರಾಡನ್ನು ಮುಂದಕ್ಕೆ ಅಡ್ಡವಾಗಿ ಹಿಡಿದು, ಹೆಬ್ಬೆರಳಿನ ಗುಂಡಿ ಒತ್ತಿ ಬಿಡಿ. ಕಪ್ಪೆ ನಿಧಾನವಾಗಿ ಇಳಿಯಬೇಕು, ನೆಲ ಮುಟ್ಟಿದಾಗ ಸ್ಪೂಲ್ ತಾನಾಗಿ ನಿಲ್ಲಬೇಕು. ಅಷ್ಟಾಗುವವರೆಗೆ ಹಿಡಿಯ ಪಕ್ಕದ ಸಣ್ಣ ತಿರುಪು ಬಿಗಿ ಮಾಡುತ್ತ ಹೋಗಿ. ಹಿಡಿಯ ಎದುರು ಬದಿಯ ಮುಚ್ಚಳದಲ್ಲಿರುವ ಅಯಸ್ಕಾಂತದ ಬ್ರೇಕನ್ನು 10ರಲ್ಲಿ 8ಕ್ಕೆ ಇಡಿ, ಕೈ ಕುದುರಿದಂತೆ ಒಂದೊಂದೇ ಇಳಿಸಿ. ಲ್ಯೂರ್ ನೀರು ಮುಟ್ಟುವ ಮೊದಲೇ ಹೆಬ್ಬೆರಳು ಸ್ಪೂಲ್ ಮೇಲೆ ಇರಬೇಕು. ಲ್ಯೂರ್ ತೂಕ ಬದಲಾದರೆ ತಿರುಪನ್ನು ಮತ್ತೆ ಸರಿಮಾಡಬೇಕು, ಇದನ್ನೇ ಎಲ್ಲರೂ ಮರೆಯುವುದು. ಎದುರುಗಾಳಿ ಇದ್ದ ದಿನ ಬ್ರೇಕ್ ಎರಡು ಹೆಚ್ಚಿಸಿ. 10 ಗ್ರಾಂಗಿಂತ ಹಗುರವಾದದ್ದನ್ನು ಇದರಲ್ಲಿ ಎಸೆಯಲು ಹೋಗಬೇಡಿ, ಅದಕ್ಕೆ 2500 ಅಳತೆಯ ಸ್ಪಿನ್ನಿಂಗ್ ರೀಲೇ ಸರಿ.

ಕಪ್ಪೆ ಆರಿಸುವಾಗ ಬೆರಳಲ್ಲಿ ಒತ್ತಿ ನೋಡಿ. ಟೊಳ್ಳು ದೇಹ ಮೆತ್ತಗೆ ಕುಸಿದು ಎರಡು ಕೊಕ್ಕೆಯೂ ಮೇಲೆದ್ದು ಕಾಣಬೇಕು. ಗಡುಸು ಕಪ್ಪೆಯಲ್ಲಿ ಮೀನು ಹೊಡೆಯುತ್ತದೆ, ಕೊಕ್ಕೆ ಹತ್ತುವುದಿಲ್ಲ. ಎಲೆಯ ಮೇಲೆ ಎಳೆದು, ಎಲೆಯ ಅಂಚಿಗೆ ಬಂದಾಗ ಒಂದು ಕ್ಷಣ ನಿಲ್ಲಿಸಿ, ನೀರಿಗೆ ಇಳಿಸಿ. ನೀರು ಸಿಡಿದ ಸದ್ದಿಗೆ ಎಳೆಯಬೇಡಿ. ಕಪ್ಪೆ ಕಾಣೆಯಾಗಿ ದಾರ ಬಿಗಿಯುವುದು ಕೈಗೆ ಗೊತ್ತಾಗಬೇಕು, ಆಮೇಲೆ ಪೂರ್ತಿ ಬಲದಲ್ಲಿ ಎಳೆಯಿರಿ. ದಾರದ ತುದಿಗೆ 40 ಪೌಂಡಿನ ದಪ್ಪ ತಂಗೂಸು ಒಂದೂವರೆ ಅಡಿ ಇರಲಿ, ಕೊರವಕ್ಕೆ ಹಲ್ಲಿದೆ. ಬ್ಯಾಸ್ ಹಿಡಿಯುವವರು ಹೆಬ್ಬೆರಳನ್ನು ಬಾಯೊಳಗಿಟ್ಟು ಕೆಳದವಡೆ ಹಿಡಿದು ಎತ್ತುತ್ತಾರೆ, ಅದನ್ನು ನೋಡಿ ಕೊರವದ ಬಾಯಿಗೆ ಕೈ ಹಾಕಬೇಡಿ. ಉದ್ದ ಮೂತಿಯ ಇಕ್ಕಳ ಬೇಕೇ ಬೇಕು.

ಒಂದು ವಿನಂತಿ. ನೀರಿನ ಮೇಲೆ ಕೆಂಪು ಮರಿಗಳ ಗುಂಪು ಕುದಿಯುವ ಹಾಗೆ ಕಂಡರೆ ಅದರ ಅಡಿಯಲ್ಲಿ ತಂದೆತಾಯಿ ಕಾವಲಿವೆ. ಆಗ ಕಪ್ಪೆ ಎಸೆದರೆ ಕೋಪಕ್ಕೇ ಹೊಡೆಯುತ್ತವೆ, ಸುಲಭದ ಮೀನು. ಆದರೆ ಅವೆರಡು ಹೋದರೆ ಮರಿಗಳನ್ನು ಜಿಲೇಬಿ ಮೀನು, ಹಾವು, ಹಕ್ಕಿ ಎಲ್ಲ ಸೇರಿ ಮುಗಿಸುತ್ತವೆ. ಆ ಗುಂಪನ್ನು ಬಿಟ್ಟುಬಿಡಿ ದಯವಿಟ್ಟು.

ಹೊಸನಗರ_ದಂಡೆ

ಇಬ್ಬರಿಗೂ ಧನ್ಯವಾದ. ಬೇಟ್‌ಕ್ಯಾಸ್ಟರ್ ಹಿಡಿಯ ವಿಷಯ ಗೊತ್ತೇ ಇರಲಿಲ್ಲ, ಭಾವನಿಗೆ ಇವತ್ತೇ ತಿಳಿಸುತ್ತೇನೆ. ಹಿನ್ನೀರಗಾಳ ಅವರೇ, ಕಾರ್ಪ್‌ಗೆ ಹೇರ್ ರಿಗ್ ಅಂತ ಅಕ್ಕನ ಮಗ ಬರೆದಿದ್ದಾನೆ. ಆರು ಕೊಕ್ಕೆಯ ಸ್ಪ್ರಿಂಗ್ ಫೀಡರಿಗಿಂತ ಇದು ಹೇಗೆ ಮೇಲು? ಬಾಯ್ಲಿ (ಬೇಯಿಸಿದ ಎರೆ) ಉಂಡೆಯನ್ನು ಅಲ್ಲಿಂದ ಹೊತ್ತು ತರಿಸಬೇಕಾ, ಇಲ್ಲೇ ಮಾಡಬಹುದಾ?

ಹಿನ್ನೀರಗಾಳ

ಉಂಡೆ ತರಿಸಬೇಡಿ, ವಿಮಾನದ ತೂಕ ದಂಡ. ಕೊಕ್ಕೆ, ಬ್ರೇಡ್ ಹುಕ್‌ಲಿಂಕ್ (ಕೊಕ್ಕೆ ಕಟ್ಟುವ ತುಂಡು ದಾರ), ಲೆಡ್ ಕ್ಲಿಪ್ (ಸೀಸ ಸಿಕ್ಕಿಸುವ ಕೊಂಡಿ), ಉಂಡೆ ಪೋಣಿಸುವ ಸೂಜಿ, ಇಷ್ಟು ತರಿಸಿ. ಎಲ್ಲ ಸೇರಿ ಒಂದು ಜೇಬಿಗೆ ಸಾಲುತ್ತದೆ.

ಗೆಂಡೆ ತಿನ್ನುವುದನ್ನು ಗಮನಿಸಿದರೆ ಹೇರ್ ರಿಗ್ ಯಾಕೆ ಅಂತ ತಿಳಿಯುತ್ತದೆ. ಅದು ತಳದ ತಿನಿಸನ್ನು ನೀರಿನ ಜೊತೆ ಹೀರಿ, ಬೇಡದ್ದನ್ನು ಉಗುಳುತ್ತದೆ. ಉಂಡೆಯೊಳಗೇ ಕೊಕ್ಕೆ ಇದ್ದರೆ ಗಡುಸು ಗೊತ್ತಾಗಿ ಉಗುಳಿಬಿಡುತ್ತದೆ. ಹೇರ್ ರಿಗ್‌ನಲ್ಲಿ ಉಂಡೆ ಕೊಕ್ಕೆಯ ಹೊರಗೆ ಸಣ್ಣ ಎಳೆಯಲ್ಲಿ ತೂಗುತ್ತದೆ, ಕೊಕ್ಕೆ ಬರಿದಾಗಿ ಹಿಂದೆ ಬರುತ್ತದೆ. ಉಗುಳುವಾಗ ಬರಿ ಕೊಕ್ಕೆ ತಿರುಗಿ ಕೆಳದುಟಿಗೆ ಚುಚ್ಚುತ್ತದೆ, ಗಾಬರಿಯಿಂದ ಓಡುವ ಮೀನಿಗೆ 80 ಗ್ರಾಂ ಸೀಸದ ಭಾರ ತಗಲಿ ಇನ್ನಷ್ಟು ನಾಟುತ್ತದೆ. ನೀವು ಎಳೆಯುವ ಅಗತ್ಯವೇ ಇಲ್ಲ. ಇಂಗ್ಲೆಂಡಿನ ಗಾಳದವರು 1980ರ ಸುಮಾರಿಗೆ ಇದನ್ನು ಬಳಕೆಗೆ ತಂದ ಮೇಲೆ ಕಾರ್ಪ್ ಗಾಳದ ರೀತಿಯೇ ಬದಲಾಯಿತು.

ಕಟ್ಟುವ ಕ್ರಮ. 25 ಪೌಂಡ್ ಬ್ರೇಡ್ ಒಂದು ಅಡಿ ಕತ್ತರಿಸಿ, ಒಂದು ತುದಿಗೆ ಸಣ್ಣ ಕುಣಿಕೆ ಹಾಕಿ. ಕುಣಿಕೆಗೆ ಉಂಡೆ ಪೋಣಿಸಿ, ಜಾರದಂತೆ ಒಂದು ಹುಲ್ಲುಕಡ್ಡಿಯ ತುಂಡು ಸಿಕ್ಕಿಸಿ. ಇನ್ನೊಂದು ತುದಿಯನ್ನು 6ನೇ ನಂಬರ್ ಕೊಕ್ಕೆಯ ಕಣ್ಣಿನಲ್ಲಿ, ಬೆನ್ನಿನ ಕಡೆಯಿಂದ ತೂರಿಸಿ. ಉಂಡೆಗೂ ಕೊಕ್ಕೆಯ ಬಾಗಿಗೂ ಮಧ್ಯೆ 3–5 ಮಿಲಿಮೀಟರ್ ಅಂತರ ಬರುವಂತೆ ಎಳೆಯನ್ನು ಕಾಂಡಕ್ಕೆ ಒತ್ತಿ ಹಿಡಿಯಿರಿ. ಉದ್ದ ತುದಿಯಿಂದ ಕಾಂಡ ಮತ್ತು ಎಳೆ ಎರಡನ್ನೂ ಸೇರಿಸಿ, ಕಣ್ಣಿನಿಂದ ಕೆಳಕ್ಕೆ, ಎಂಟು ಸುತ್ತು ಒತ್ತಾಗಿ ಸುತ್ತಿ. ಕೊನೆಗೆ ಅದೇ ತುದಿಯನ್ನು ಮತ್ತೆ ಕಣ್ಣಿನ ಬೆನ್ನಿನ ಕಡೆಯಿಂದಲೇ ತೂರಿಸಿ ಮೊನೆಯ ಕಡೆಗೆ ಹೊರತನ್ನಿ. ಈ ಕಡೆಯ ಹೆಜ್ಜೆಯಲ್ಲಿ ಎದುರಿನಿಂದ ತೂರಿಸಿದರೆ ಕೊಕ್ಕೆ ತಿರುಗುವುದೇ ಇಲ್ಲ, ದಿನವಿಡೀ ಅಲಾರಂ ಒಂದೆರಡು ಸಲ ಕೂಗಿ ಸುಮ್ಮನಾಗುತ್ತದೆ. ಪರೀಕ್ಷೆ ಹೀಗೆ: ಕಟ್ಟಿದ್ದನ್ನು ಅಂಗೈ ಮೇಲೆ ಎಳೆಯಿರಿ. ಮೊನೆ ತಾನಾಗಿ ಚರ್ಮದ ಕಡೆ ತಿರುಗಿ ತಡೆಯಬೇಕು. ಎಂಟು ಅಂಗುಲ ಉಳಿಸಿ, ಸ್ವಿವೆಲ್ (ತಿರುಗುವ ಕೊಂಡಿ) ಕಟ್ಟಿ ಕ್ಲಿಪ್ಪಿಗೆ ಸಿಕ್ಕಿಸಿ.

ಕ್ಲಿಪ್ ಬಿಡಬೇಡಿ. ಲಿಂಗನಮಕ್ಕಿಯಲ್ಲಿ ಮುಳುಗಿದ ಮರದ ಬೊಡ್ಡೆ ಎಲ್ಲೆಲ್ಲೂ ಇವೆ. ಸೀಸ ಸಿಕ್ಕಿಕೊಂಡರೆ ಕ್ಲಿಪ್ಪು ಸೀಸವನ್ನು ಮಾತ್ರ ಬಿಟ್ಟುಕೊಡುತ್ತದೆ, ಮೀನು ಬೊಡ್ಡೆಗೆ ಕಟ್ಟುಬಿದ್ದು ಸಾಯುವುದಿಲ್ಲ. ಸ್ಪ್ರಿಂಗ್ ಫೀಡರಿನ ದೊಡ್ಡ ದೋಷ ಅದೇ: ದಾರ ಹರಿದರೆ ಭಾರದ ಜೊತೆ ಆ ಆರು ಕೊಕ್ಕೆ ಮೀನಿನ ಬಾಯಿ, ಕಿವಿರು, ಹೊಟ್ಟೆಗೆ ಚುಚ್ಚಿಕೊಂಡೇ ಉಳಿಯುತ್ತವೆ. ಒಂದು ಕೊಕ್ಕೆ ಬಾಯಲ್ಲಿ ಹತ್ತಿ, ಮಿಕ್ಕವು ಪಕ್ಕೆಯಲ್ಲಿ ಹತ್ತಿ ಮೀನು ಅಡ್ಡಡ್ಡ ಬರುವುದೂ ಅದರಿಂದಲೇ.

ಉಂಡೆಗೆ ಚಿರೋಟಿ ರವೆ 200 ಗ್ರಾಂ, ಸೋಯಾ ಹಿಟ್ಟು 150, ಜರಡಿ ಹಿಡಿದ ಶೇಂಗಾ ಹಿಂಡಿ 150. ಐದು ಮೊಟ್ಟೆ ಒಡೆದು ಕಲಸಿ, ಸಾಲದಿದ್ದರೆ ಆರನೆಯದು. ನೀರು ಹಾಕಬೇಡಿ. ಕೈಗೆ ಅಂಟದ ಹದಕ್ಕೆ ಬಂದ ಮೇಲೆ ಕಾಲು ಗಂಟೆ ಮುಚ್ಚಿಟ್ಟು, 15 ಮಿಲಿಮೀಟರ್ ಉಂಡೆ ಕಟ್ಟಿ, ಕುದಿಯುವ ನೀರಿಗೆ ಸ್ವಲ್ಪಸ್ವಲ್ಪವೇ ಹಾಕಿ ಎರಡು ನಿಮಿಷ ಬೇಯಿಸಿ. ಒಮ್ಮೆಲೇ ಸುರಿದರೆ ನೀರಿನ ಕಾವು ಇಳಿದು ಹೊರಗೆ ಅಂಟು, ಒಳಗೆ ಹಸಿ. ನೆರಳಲ್ಲಿ ಒಂದು ದಿನ ಆರಿಸಿ. ಗಟ್ಟಿ ಸಿಪ್ಪೆ ಬರಬೇಕು, ಅದಕ್ಕೇ ಬೇಯಿಸುವುದು. ಮೆತ್ತನೆ ಹಿಟ್ಟಿನುಂಡೆಯನ್ನು ನಮ್ಮ ಸಣ್ಣ ಮೀನು ಹತ್ತು ನಿಮಿಷದಲ್ಲಿ ಕಿತ್ತು ಮುಗಿಸುತ್ತವೆ. ಮಳೆಗಾಲದಲ್ಲಿ ಎರಡು ದಿನಕ್ಕೆ ಬೂಷ್ಟು ಬರುತ್ತದೆ, ಒಲೆಯ ಮೇಲಿನ ಅಟ್ಟದಲ್ಲಿಡಿ ಅಥವಾ ಫ್ರೀಜರಿನಲ್ಲಿಡಿ. ಸುತ್ತ ಎರಚಲು ಮೆಕ್ಕೆಜೋಳ ಸಾಕು. ಒಂದು ಹಗಲು ಒಂದು ರಾತ್ರಿ ನೆನೆಸಿ ಅರ್ಧ ಗಂಟೆ ಬೇಯಿಸಿ. ಹಸಿ ಜೋಳ ಹಾಕಿದರೆ ಮೀನಿನ ಹೊಟ್ಟೆಯಲ್ಲಿ ಉಬ್ಬುತ್ತದೆ. ಮೊದಲ ದಿನ ಎರಡು ಕಿಲೋಗಿಂತ ಹೆಚ್ಚು ಬೇಡ.

ಕಾಟ್ಲಾಗೆ ಇದು ಹೊಂದುವುದಿಲ್ಲ. ಅದರ ಬಾಯಿ ಮೇಲ್ಮುಖ, ಮೇಲಿನ ನೀರಿನಲ್ಲಿ ಮೇಯುವ ಮೀನು. ಗೆಂಡೆ, ಮೃಗಾಲ್ ತಳಕ್ಕೆ ಬರುತ್ತವೆ, ರೋಹು ನಡುವೆ ಇದ್ದರೂ ಎರಚಿದ ಕಡೆ ಇಳಿದು ಬರುತ್ತದೆ. ಕಾಟ್ಲಾಗೆ ಬೆಂಡು ಕಟ್ಟಿ, ಹಿಂಡಿಯ ಮೆತ್ತನೆ ಮುದ್ದೆಯನ್ನು ಮೂರು ನಾಲ್ಕು ಅಡಿ ಆಳದಲ್ಲಿ ತೂಗುಬಿಡಬೇಕು.

ತುಂಗಾತೀರ

ಸಾಮಾನಿನ ಮಾತು ಚೆನ್ನಾಗಿ ಬಂದಿದೆ. ರೀತಿ ರಿವಾಜಿನ ಬಗ್ಗೆ ಸ್ವಲ್ಪ ಸೇರಿಸುತ್ತೇನೆ, ಯಾಕೆಂದರೆ ಯುರೋಪು ಅಂತ ಒಟ್ಟಿಗೆ ಹೇಳುವುದು ಪೂರ್ತಿ ಸರಿಯಲ್ಲ.

ಹಿಡಿದ ಕಾರ್ಪನ್ನು ಮುದ್ದುಮಾಡಿ ನೀರಿಗೆ ಬಿಡುವುದು ಇಂಗ್ಲೆಂಡಿನ ಪದ್ಧತಿ. ಅಲ್ಲಿ ದೊಡ್ಡ ಮೀನುಗಳಿಗೆ ಹೆಸರೇ ಇರುತ್ತದೆ. 2009ರಲ್ಲಿ ಬೆನ್ಸನ್ ಅನ್ನುವ ಕಾರ್ಪ್ ಸತ್ತಾಗ ಪತ್ರಿಕೆಗಳಲ್ಲಿ ಸುದ್ದಿಯಾಗಿತ್ತು. ಜೆಕ್, ಪೋಲೆಂಡಿನಲ್ಲಿ ಅದೇ ಮೀನು ಕ್ರಿಸ್‌ಮಸ್ ಊಟದ ಎಲೆಗೆ ಬರುತ್ತದೆ. ಜರ್ಮನಿಯಲ್ಲಂತೂ ಪ್ರಾಣಿದಯೆಯ ಕಾನೂನು ಬಿಗಿ. ತಕ್ಕ ಕಾರಣವಿಲ್ಲದೆ ಬೆನ್ನೆಲುಬಿರುವ ಪ್ರಾಣಿಗೆ ನೋವು ಕೊಡುವಂತಿಲ್ಲ, ಊಟವೇ ಆ ಕಾರಣ. ಬರೀ ಬಿಡುವುದಕ್ಕಾಗಿ ಹಿಡಿಯುವುದು ಅಲ್ಲಿ ಕಾನೂನಿನ ತೊಡಕಿಗೆ ಸಿಕ್ಕಿಸುತ್ತದೆ. ಗಾಳದ ಪರವಾನಗಿಗೆ ಸಾಮಾನ್ಯವಾಗಿ ಪರೀಕ್ಷೆ ಪಾಸಾಗಬೇಕು. ಜೀವಂತ ಮೀನನ್ನು ಎರೆಯಾಗಿ ಬಳಸುವಂತೆಯೂ ಇಲ್ಲ. ಫ್ರಾನ್ಸಿನಲ್ಲಿ ರಾತ್ರಿ ಕಾರ್ಪ್ ಹಿಡಿಯಲು ಗೊತ್ತುಪಡಿಸಿದ ಜಾಗಗಳಲ್ಲಿ ಮಾತ್ರ ಅವಕಾಶ. ನಿಮ್ಮ ಅಕ್ಕನ ಮಗ ಹೇಳುವ ಸಾಮಾನು ಬಹುಪಾಲು ಇಂಗ್ಲೆಂಡಿನ ಪದ್ಧತಿಯದು, ಜರ್ಮನಿಯವರೂ ಅದನ್ನು ಒಪ್ಪಿಕೊಂಡಿದ್ದಾರೆ ಅಷ್ಟೆ.

ಇನ್ನೊಂದು ವ್ಯತ್ಯಾಸ ನೀರಿನ ಒಡೆತನ. ಇಂಗ್ಲೆಂಡಿನಲ್ಲಿ ಸರ್ಕಾರದ ರಾಡ್ ಲೈಸೆನ್ಸ್ ಬೇಕು, ಅದರ ಮೇಲೆ ದಂಡೆಯ ಒಡೆಯನದೋ ಕ್ಲಬ್ಬಿನದೋ ಟಿಕೆಟ್ ಬೇಕು. ಒಡೆಯನೇ ನಿಯಮ ಮಾಡುತ್ತಾನೆ: ಹಿಂಮುಳ್ಳಿಲ್ಲದ ಕೊಕ್ಕೆ, ಮ್ಯಾಟ್ ಕಡ್ಡಾಯ, ಮುಖ್ಯ ದಾರಕ್ಕೆ ಬ್ರೇಡ್ ಬೇಡ, ಹೀಗೆ. ಅಮೆರಿಕದಲ್ಲಿ ಬಹುಪಾಲು ದೊಡ್ಡ ನೀರು ಸಾರ್ವಜನಿಕ. ಆಯಾ ರಾಜ್ಯದ ಲೈಸೆನ್ಸ್ ಇದ್ದರೆ ಸಾಕು. 1950ರ ಡಿಂಗೆಲ್–ಜಾನ್ಸನ್ ಕಾಯ್ದೆಯಂತೆ ಗಾಳದ ಸಾಮಾನಿನ ಮೇಲೆ ತಯಾರಕರಿಂದ ವಸೂಲಾಗುವ ತೆರಿಗೆ, ಬಹುತೇಕ ಸಾಮಾನಿಗೆ ನೂರಕ್ಕೆ 10, ರಾಜ್ಯಗಳ ಮೀನುಗಾರಿಕೆ ಕೆಲಸಕ್ಕೇ ಹೋಗುತ್ತದೆ. ಮೀನು ಬಿಡುವ ರೂಢಿ ಅಲ್ಲಿ ಬಲಗೊಂಡದ್ದು ಸ್ಪರ್ಧೆಗಳಿಂದ. 1968ರಲ್ಲಿ ರೇ ಸ್ಕಾಟ್ ಬ್ಯಾಸ್ ಹಿಡಿಯುವವರ ಸಂಘ ಕಟ್ಟಿದರು. 1972ರಿಂದ ಅವರ ಸ್ಪರ್ಧೆಗಳಲ್ಲಿ ಮೀನನ್ನು ಜೀವಂತವಾಗಿಟ್ಟು, ತೂಗಿ, ನೀರಿಗೆ ಬಿಡುವ ಪದ್ಧತಿ ಬಂತು. ದೋಣಿಗಳಲ್ಲಿ ಗಾಳಿಯಾಡುವ ನೀರಿನ ತೊಟ್ಟಿ ಕಡ್ಡಾಯವಾದದ್ದು ಅದಕ್ಕೇ. ಕಾರ್ಪ್ ಕಂಡರೆ ಮಾತ್ರ ಅಲ್ಲಿ ಬಹಳ ಮಂದಿಗೆ ತಾತ್ಸಾರ. 1870ರ ದಶಕದಲ್ಲಿ ಸರ್ಕಾರವೇ ತರಿಸಿ ಹಂಚಿದ ಮೀನು ಈಗ ನೀರು ಕಲಕುವ ಪಿಡುಗು ಅನ್ನಿಸಿಕೊಂಡಿದೆ, ಬಾಣ ಬಿಟ್ಟು ಹೊಡೆಯುವುದೂ ಒಂದು ಆಟ. ಹಾಗಾಗಿ ಅಲ್ಲಿನ ಸಾಮಾನ್ಯ ಅಂಗಡಿಯಲ್ಲಿ ಒಳ್ಳೆಯ ಕಾರ್ಪ್ ಸಾಮಾನು ಹುಡುಕಬೇಡಿ.

ಹಾಗಂತ ಎರಡರ ನಡುವೆ ಗೋಡೆಯೇನಿಲ್ಲ. ಅಮೆರಿಕದ ಪ್ರತಿ ಪೆಟ್ಟಿಗೆಯಲ್ಲೂ ಇರುವ ರಾಪಾಲಾ ಲ್ಯೂರ್ ಫಿನ್‌ಲೆಂಡಿನದು, ಲೌರಿ ರಾಪಾಲಾ 1936ರಲ್ಲಿ ಕೆತ್ತಿದ್ದು. ಮೆಪ್ಸ್ ಸ್ಪಿನ್ನರ್ ಫ್ರಾನ್ಸಿನದು. ಸ್ಪಿನ್ನಿಂಗ್ ರೀಲೇ ಇಂಗ್ಲೆಂಡಿನ ಇಲ್ಲಿಂಗ್‌ವರ್ತ್ 1905ರಲ್ಲಿ ಪೇಟೆಂಟ್ ಪಡೆದ ರೀಲಿನ ವಂಶ. ಬೇಟ್‌ಕ್ಯಾಸ್ಟರ್ ಕೆಂಟಕಿಯ ಗಡಿಯಾರ ರಿಪೇರಿಯವರ ಕೈಯಲ್ಲಿ ಬೆಳೆದದ್ದು. ಅದರ ಪ್ರಸಿದ್ಧ ದುಂಡನೆ ರೂಪ, ಅಂಬಾಸಡರ್, ಸ್ವೀಡನ್ನಿನಿಂದ ತಿರುಗಿ ಅಮೆರಿಕಕ್ಕೆ ಹೋಯಿತು.

ನಮಗೆ ಈ ಎರಡು ಕಡೆಯಿಂದ ತೆಗೆದುಕೊಳ್ಳಬೇಕಾದ ಶಿಸ್ತು ಒಂದಿದೆ. ಇಂಗ್ಲೆಂಡಿನ ನದಿಗಳಲ್ಲಿ ಮಾರ್ಚ್ 15ರಿಂದ ಜೂನ್ 15ರವರೆಗೆ ಕೋರ್ಸ್ ಮೀನಿನ (ಸಾಲ್ಮನ್, ಟ್ರೌಟ್ ಬಿಟ್ಟು ಉಳಿದ ಸಿಹಿನೀರ ಮೀನಿನ) ಗಾಳ ಬಂದ್, ಮೊಟ್ಟೆಯಿಡುವ ಕಾಲ. ನಮ್ಮಲ್ಲಿ ಆ ಕಾಲ ಮುಂಗಾರು. ಹತ್ತುಮೀನು ಗದ್ದೆ, ಹಳ್ಳಕ್ಕೆ ಏರುವಾಗ ಹೊಟ್ಟೆ ತುಂಬ ಮೊಟ್ಟೆ ಇರುತ್ತದೆ. ಆಗ ರಾಡ್ ಒಳಗಿಡಿ. ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಯಾವ ನೀರಿಗೆ ಯಾರ ಗುತ್ತಿಗೆ, ಯಾವಾಗ ನಿಷೇಧ ಅಂತ ಕೇಳಿಕೊಂಡೇ ಹೋಗಿ. ಭದ್ರಾ ಜಲಾಶಯದ ಹುಲಿ ಮೀಸಲು ಭಾಗ, ಶರಾವತಿ ಕಣಿವೆಯ ಅಭಯಾರಣ್ಯದ ಭಾಗ, ತೀರ್ಥಹಳ್ಳಿಯ ಚಿಪ್ಪಲಗುಡ್ಡೆ ಮತ್ಸ್ಯಧಾಮ, ಶೃಂಗೇರಿಯ ಮಠದ ಮುಂದಿನ ತುಂಗೆ, ಇಲ್ಲೆಲ್ಲ ಗಾಳ ಹಾಕುವಂತಿಲ್ಲ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗನ್ 120 ಪೌಂಡಿನ ಮಹಶೀರ್ ಹಿಡಿದಿದ್ದರು. ಕಾವೇರಿ ಕಣಿವೆಯ ಆ ದೊಡ್ಡ ಡುಬ್ಬದ ತಳಿ ಈಗ ಅಳಿವಿನ ಅಂಚಿನಲ್ಲಿದೆ. ತುಂಗಾ, ಶರಾವತಿಯಲ್ಲಿ ಗಾಳಕ್ಕೆ ಮಹಶೀರ್ ಮರಿ ಬಂದರೂ ನೀರಿನಿಂದ ಎತ್ತದೆ ಕೊಕ್ಕೆ ಬಿಡಿಸಿಬಿಡಿ.

ಸೀಸದ ಬಗ್ಗೆಯೂ ಒಂದು ಮಾತು. ಹಂಸಗಳು ಸೀಸದ ಗುಂಡು ನುಂಗಿ ಸಾಯುತ್ತಿವೆ ಅಂತ ಬ್ರಿಟನ್ನಿನಲ್ಲಿ 1987ರಿಂದ 0.06ರಿಂದ 28.35 ಗ್ರಾಂವರೆಗಿನ ಸೀಸದ ಗುಂಡುಗಳಿಗೆ ನಿಷೇಧ ಇದೆ. ಲೂನ್ ಹಕ್ಕಿಗಾಗಿ ನ್ಯೂ ಹ್ಯಾಂಪ್‌ಶೈರ್‌ನಂಥ ಅಮೆರಿಕದ ಕೆಲವು ರಾಜ್ಯಗಳಲ್ಲೂ ಸಣ್ಣ ಸೀಸಕ್ಕೆ ತಡೆ ಇದೆ. ಮಂಡಗದ್ದೆಯಲ್ಲಿ ಬೆಳ್ಳಕ್ಕಿ, ನೀರುಕಾಗೆ ಗೂಡುಕಟ್ಟುವ ನದಿ ನಮ್ಮದು. ಸಣ್ಣ ಗುಂಡುಗಳನ್ನು ಟಂಗ್‌ಸ್ಟನ್ ಅಥವಾ ಉಕ್ಕಿನಲ್ಲೇ ತರಿಸಿ, ಹರಿದ ತಂಗೂಸನ್ನು ದಂಡೆಯಲ್ಲಿ ಬಿಡದೆ ಮನೆಗೆ ತನ್ನಿ.

ಸಾಗರ_ಬೆಂಡು

ತರಿಸುವ ಮೊದಲು ಮೂರು ವಿಷಯ. 7 ಅಡಿಯ ಒಂದೇ ತುಂಡಿನ ರಾಡ್ ವಿಮಾನದಲ್ಲಿ ತರುವುದು ಕಷ್ಟ, ಅಳತೆ ಮೀರಿದ ಸಾಮಾನಿನ ಬಾಡಿಗೆ ಬೀಳುತ್ತದೆ. ಅದೇ ಬಲದ ಮೂರು ಅಥವಾ ನಾಲ್ಕು ತುಂಡಿನ ಟ್ರಾವೆಲ್ ರಾಡ್ ಹೇಳಿ. 12 ಅಡಿಯದು ಎರಡು ತುಂಡಾದರೂ ತಲಾ 6 ಅಡಿ ಬರುತ್ತದೆ, ದಪ್ಪ ಪಿವಿಸಿ ಪೈಪಿನೊಳಗೆ ಹಾಕಿಸಿ. ಕೊಕ್ಕೆ, ಇಕ್ಕಳ ಕೈಚೀಲದಲ್ಲಿ ಬೇಡ, ಚೆಕ್‌ಇನ್ ಪೆಟ್ಟಿಗೆಯಲ್ಲಿರಲಿ.

ಎರಡನೆಯದು ಪ್ರಾಣದ ವಿಷಯ. ಕಾರ್ಬನ್ ರಾಡಿನಲ್ಲಿ ವಿದ್ಯುತ್ ಹರಿಯುತ್ತದೆ. 12 ಅಡಿ ರಾಡನ್ನು ಎತ್ತಿ ಹಿಡಿದು ನಡೆಯುವಾಗ ಮೇಲೆ ತಂತಿ ಇದೆಯೇ ನೋಡಿ. ಶರಾವತಿ ಕಡೆ ವಿದ್ಯುತ್ ಲೈನಿಗೆ ಬರವಿಲ್ಲ. ತಂತಿಯಿಂದ 30 ಮೀಟರ್ ದೂರ ಇರಬೇಕು ಅನ್ನುವುದು ಬ್ರಿಟನ್ನಿನ ಸೂಚನೆ, ಅದನ್ನೇ ಪಾಲಿಸಿ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಗೆ ಮೊದಲ ಗುಡುಗು ಕೇಳಿದ ಕೂಡಲೇ ರಾಡ್ ಕೆಳಗಿಟ್ಟು ದೂರ ಹೋಗಿ.

ಮೂರನೆಯದು ನಮ್ಮ ತೇವ. ಮಳೆಗಾಲಕ್ಕೆ ರೀಲ್ ಎತ್ತಿಡುವಾಗ ಡ್ರ್ಯಾಗ್ ತಿರುಪು ಪೂರ್ತಿ ಸಡಿಲಿಸಿ, ಬಿಗಿಯಾಗಿ ಬಿಟ್ಟರೆ ಒಳಗಿನ ಬಿಲ್ಲೆಗಳು ಅಂಟಿಕೊಂಡು ಮುಂದಿನ ಹಂಗಾಮಿಗೆ ಜರ್ಕು ಹೊಡೆಯುತ್ತದೆ. ರಾಡನ್ನು ಬಟ್ಟೆ ಚೀಲದಲ್ಲಿ ಕಟ್ಟಿಡಬೇಡಿ, ಕಾರ್ಕ್ ಹಿಡಿಗೆ ಬೂಷ್ಟು ಬರುತ್ತದೆ. ಗೋಡೆಗೆ ಬರಿದಾಗಿ ನಿಲ್ಲಿಸಿ.

ಹೊಸನಗರ_ದಂಡೆ

ತೀರ್ಮಾನ ಆಯಿತು. ಅಕ್ಕನ ಮಗನಿಂದ 12 ಅಡಿ 2.75 ಪೌಂಡ್ ರಾಡ್ ಒಂದು, ಫ್ರೀ ಸ್ಪೂಲ್ ರೀಲ್, ಅಲಾರಂ ಒಂದು, ಮ್ಯಾಟ್, ರಿಗ್ ಸಾಮಾನು. ಭಾವನಿಂದ ಟ್ರಾವೆಲ್ ಕ್ಯಾಸ್ಟಿಂಗ್ ರಾಡ್, ಎಡಗಡೆ ಹಿಡಿಯ ಬೇಟ್‌ಕ್ಯಾಸ್ಟರ್, ಕಪ್ಪೆ ನಾಲ್ಕು, 50 ಪೌಂಡ್ ಬ್ರೇಡ್. ಕೊನೆಯ ಪ್ರಶ್ನೆ: ಹಿನ್ನೀರಿನಲ್ಲಿ ಬಾಳೆಮೀನೂ ಇದೆ. ಅದಕ್ಕೆ ಇವೆರಡರಲ್ಲಿ ಯಾವುದು?

ಕೊರವ_ಕೆರೆ

ಕಾರ್ಪ್ ರಾಡೇ ಸಾಕು, ತುದಿ ಮಾತ್ರ ಅಮೆರಿಕದ ಕ್ಯಾಟ್‌ಫಿಶ್ ಹಿಡಿಯುವವರ ಥರ ಕಟ್ಟಿ. ಮುಖ್ಯ ದಾರ 0.35 ಮಿಲಿಮೀಟರ್ ತಂಗೂಸು. ಅದಕ್ಕೆ ತೂತಿನ ಮೊಟ್ಟೆಯಾಕಾರದ ಸೀಸ 40 ಗ್ರಾಂ ಪೋಣಿಸಿ, ಮಣಿ, ಸ್ವಿವೆಲ್, ಆಮೇಲೆ ಒಂದು ಅಡಿ ಸ್ಟೀಲ್ ತಂತಿ. ಬಾಳೆಯ ಹಲ್ಲಿಗೆ ತಂಗೂಸು, ಬ್ರೇಡ್ ಎರಡೂ ನಿಲ್ಲುವುದಿಲ್ಲ. ಕೊಕ್ಕೆ 3/0 ಸರ್ಕಲ್ ಹುಕ್ (ಮೊನೆ ಒಳಕ್ಕೆ ಬಾಗಿದ ದುಂಡು ಕೊಕ್ಕೆ), ಭಾವನಿಗೆ ಹೇಳಿದರೆ ಅಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಎರೆಗೆ ಸತ್ತ ಸಣ್ಣ ಮೀನು, ತುಟಿಗೆ ಮಾತ್ರ ಚುಚ್ಚಿ, ಕೊಕ್ಕೆಯ ಮೊನೆ ಪೂರ್ತಿ ಹೊರಗಿರಲಿ.

ಸರ್ಕಲ್ ಹುಕ್‌ಗೆ ಜರ್ಕು ಕೊಟ್ಟು ಎಳೆದರೆ ಬಾಯಿಂದ ಜಾರಿ ಬರುತ್ತದೆ. ಫ್ರೀ ಸ್ಪೂಲಿನಲ್ಲಿ ಮೀನು ಓಡಲಿ, ಹಿಡಿ ತಿರುಗಿಸಿ ದಾರ ಬಿಗಿ ಮಾಡಿ, ರಾಡನ್ನು ನಿಧಾನ ಎತ್ತಿ. ಕೊಕ್ಕೆ ಬಾಯಿಯ ಮೂಲೆಗೆ ತಾನೇ ಬಂದು ನಾಟುತ್ತದೆ, ಗಂಟಲಿಗೆ ಇಳಿಯುವುದು ಅಪರೂಪ.